ಮನೇಲೇ ಕಲಿಸೋ ಪ್ಲಾನ್: ಮೊದಲ ಸಾಲಿನಲ್ಲಿ ಬೇರೆಯವರ ಮಕ್ಕಳು

1/7

"ಊರವರೆಲ್ಲ ಕಾನ್ವೆಂಟ್ ಸೀಟಿಗೆ ಅರ್ಜಿ ಹಿಡ್ಕೊಂಡು ನಿಂತಿರ್ತಾರೆ. ನೀವು ನೋಡಿದ್ರೆ ಚರ್ಚಿಗೆ ಹೋಗೋರೇ, ಮಗೂನ ಮನೇಲಿ ಇಟ್ಕೊಂಡಿದೀರಲ್ರೀ?"

ಈ ವರ್ಷ ನಮಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಹಾಲಿನ ಬೂತ್ ಹತ್ರ, ಮದುವೆ ಮನೇಲಿ, ಭಾನುವಾರ ಪೂಜೆ ಮುಗಿಸಿ ಚರ್ಚ್ ಮೆಟ್ಟಿಲು ಇಳಿಯುವಾಗ. ಇಲ್ಲೂ ಎಷ್ಟೋ ಜನ "ಸಿಲಬಸ್ ಕಳಿಸಿ ಅಕ್ಕ" ಅಂತ ಮೆಸೇಜ್ ಹಾಕಿದೀರಿ. ಅದಕ್ಕೇ ಏಳು ಪೋಸ್ಟ್‌ನಲ್ಲಿ ಬರೀತಿದೀನಿ.

ಮಗಳಿಗೆ ಈಗ ನಾಲ್ಕೂ ಮುಕ್ಕಾಲು ವರ್ಷ. ನಾವಿರೋದು ಶಿವಮೊಗ್ಗದಲ್ಲಿ, ನನ್ನ ತವರು ಭದ್ರಾವತಿ. ಗಂಡನ ಮನೆಯವರು ಕೊಂಕಣಿ ಕ್ಯಾಥೋಲಿಕರು. ನನ್ನ ಅಪ್ಪ ಅಮ್ಮ ಕೇರಳದಿಂದ ಬಂದ ಸಿರೋ ಮಲಬಾರ್‌ನವರು. ಅಂದ್ರೆ ಒಂದೇ ಮನೇಲಿ ಎರಡು ಪೂಜಾವಿಧಿ, ನಾಲ್ಕು ಭಾಷೆ.

ಮೊದಲು ಕಾಯ್ದೆ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರಿಗೂ ಭಯ ಇರೋದು ಅಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯ ಆಗೋದು 6ರಿಂದ 14 ವರ್ಷದ ಮಕ್ಕಳಿಗೆ. ಅದರ 10ನೇ ಕಲಂ ಪ್ರಕಾರ ಮಗುವನ್ನ ಹತ್ತಿರದ ಶಾಲೆಗೆ ಸೇರಿಸೋದು ತಂದೆತಾಯಿಯ ಕರ್ತವ್ಯ. ಮನೆಶಾಲೆ ಅನ್ನೋ ಪದಾನೇ ಆ ಕಾಯ್ದೆಯಲ್ಲಿಲ್ಲ. ಮನೇಲಿ ಓದಿಸಿದವರಿಗೂ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅಲ್ಲಿ 14 ತುಂಬಿದ ಮೇಲೆ ಹತ್ತನೇ ಕ್ಲಾಸ್ ಪರೀಕ್ಷೆ ಬರೀಬಹುದು. ಆದ್ರೆ ನಮ್ಮ ಪ್ಲಾನ್ ಅಷ್ಟು ದೂರದ್ದಲ್ಲ. ಆರು ತುಂಬೋವರೆಗೆ ಮಾತ್ರ. ಆಮೇಲೆ ಏನು ಅನ್ನೋದನ್ನ ಕೊನೇ ಪೋಸ್ಟ್‌ನಲ್ಲಿ ಬರೀತೀನಿ.

2/7

"ಚರ್ಚೇ ಹೇಳುತ್ತಲ್ವಾ, ತಂದೆತಾಯೀನೇ ಮೊದಲ ಗುರು ಅಂತ?"

ಹೌದು, ಹೇಳುತ್ತೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಇದು ಸ್ಪಷ್ಟವಾಗಿದೆ. ಮಗುವಿಗೆ ಕಲಿಸೋ ಮೊದಲ ಹೊಣೆ, ಮುಖ್ಯ ಹೊಣೆ ಹೆತ್ತವರದ್ದು. ಮನೇಲಿ ಕಲಿಸೋ ಕ್ಯಾಥೋಲಿಕ್ ಕುಟುಂಬಗಳೆಲ್ಲ ಈ ಮಾತನ್ನ ಎತ್ತಿ ಹಿಡೀತಾರೆ.

ಆದ್ರೆ ಪುಟ ತಿರುಗಿಸ್ತಾ ಹೋದ್ರೆ ಅದೇ ಘೋಷಣೆಯಲ್ಲಿ ಇನ್ನೊಂದು ಮಾತಿದೆ. ಸಾಧ್ಯ ಇರೋ ಕಡೆಯೆಲ್ಲ ಮಕ್ಕಳನ್ನ ಕ್ಯಾಥೋಲಿಕ್ ಶಾಲೆಗೆ ಕಳಿಸಿ, ಆ ಶಾಲೆಗಳ ಜೊತೆ ನಿಲ್ಲಿ ಅಂತ. ಎರಡೂ ಒಟ್ಟೊಟ್ಟಿಗೆ ಇವೆ. ನಮ್ಮ ಮನೇಲಿ ಗಂಡ ಎರಡನೇ ಮಾತಿನ ಪಾರ್ಟಿ, ನಾನು ಮೊದಲನೇದರ ಪಾರ್ಟಿ. ರಾತ್ರಿ ಊಟ ಆದ್ಮೇಲೆ ಇದೇ ಚರ್ಚೆ.

ಅವರು ಒಂದಿನ ಕೇಳಿದ್ದು ನನ್ನ ತಲೇಲಿ ಕೂತುಬಿಟ್ಟಿದೆ. "ಅಮೆರಿಕದಲ್ಲಿ ಮನೇಲಿ ಕಲಿಸೋರು ಶಾಲೆಯಲ್ಲಿ ದೇವರ ಹೆಸರು ಹೇಳೋ ಹಾಗಿಲ್ಲ ಅಂತ ಮನೇಲಿ ಕಲಿಸ್ತಾರೆ. ನಮ್ಮೂರಲ್ಲಿ ಸಿಸ್ಟರ್‌ಗಳ ಶಾಲೆಗೆ ಎಲ್ಲಾ ಜಾತಿ, ಎಲ್ಲಾ ಧರ್ಮದ ಮಕ್ಕಳು ಬರ್ತಾರೆ. ನಮ್ಮೋಳನ್ನ ಅದರಿಂದ ಕಾಪಾಡಬೇಕಾಗಿರೋದು ಯಾರಿಂದ?"

ಯಾರಿಂದಲೂ ಅಲ್ಲ. ನನ್ನ ಕಾರಣ ಬೇರೆ. ನಾಲ್ಕು ವರ್ಷದ ಕೂಸಿಗೆ ಹೋಂವರ್ಕ್ ಬೇಡ, ಮೂರು ಗೆರೆ ಪುಸ್ತಕದಲ್ಲಿ ಅಕ್ಷರ ತಿದ್ದಿ ತಿದ್ದಿ ಬೆರಳು ನೋಯಿಸ್ಕೊಳ್ಳೋದು ಬೇಡ. ಅಷ್ಟೇ. ಆದ್ರೂ ಅವರ ಪ್ರಶ್ನೆಗೆ ಉತ್ತರ ಕೊಡದೆ ಟೈಂಟೇಬಲ್ ಹಾಕೋ ಹಾಗಿರಲಿಲ್ಲ.

3/7

ಏನು ಕಲಿಸೋದು?

ಕ್ಯಾಥೋಲಿಕ್ ಮನೆಶಾಲೆ ಅಂತ ಹುಡುಕಿದ್ರೆ ಸಿಗೋದೆಲ್ಲ ಅಮೆರಿಕದ್ದು. ಪ್ರತಿ ತರಗತಿಗೂ ಪುಸ್ತಕ, ಪರೀಕ್ಷೆ, ಟೀಚರ್ ಕೈಪಿಡಿ ಎಲ್ಲಾ ಸೇರಿಸಿ ಒಂದು ಪೆಟ್ಟಿಗೆ. ಅಚ್ಚುಕಟ್ಟಾಗಿವೆ. ಆದ್ರೆ ಲೆಕ್ಕದಲ್ಲಿ ಸೆಂಟು, ಡಾಲರು, ಚಿತ್ರದಲ್ಲಿ ಹಿಮ. ನಮ್ಮೋಳು ಹಿಮ ನೋಡಿಲ್ಲ. ನಮ್ಮಲ್ಲಿ ಹಿಡಿದ್ರೆ ಬಿಡದ ಮಳೆ.

ನಾವು ಮೂರು ಕಡೆಯಿಂದ ತಗೊಂಡ್ವಿ.

ಒಂದು, ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು. ಅದರಲ್ಲಿ ಅ ಆ ಇ ಈ ಸಾಲಿಲ್ಲ. ರ, ಗ, ಸ, ದ, ಅ ಅಂತ ಶುರು. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲಾ ಓದೋಕೆ ಬರುತ್ತೆ. ಮಗಳು "ಗರಗಸ" ಓದಿದ ದಿನ ಪಕ್ಕದ ಬೀದಿ ಬಡಗಿ ಮನೆಗೆ ಹೋಗಿ ನಿಜವಾದ ಗರಗಸ ತೋರಿಸ್ಕೊಂಡು ಬಂದ್ವಿ. (ಸ್ಲೈಡ್ 2ರಲ್ಲಿ ಇರೋದು ಅದೇ.)

ಎರಡು, ಮಾಂಟೆಸ್ಸರಿ. ಆಕೆ 1939ರಲ್ಲಿ ಮದರಾಸಿಗೆ ಬಂದೋರು, ಯುದ್ಧದ ಕಾಲದಲ್ಲಿ ಕೊಡೈಕನಾಲ್‌ನಲ್ಲೂ ಇದ್ರು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯೋದು, ಅಕ್ಕಿ ಕಾಳು ಬೇರೆ ಮಾಡೋದು, ಬಟ್ಟೆ ಮಡಚೋದು. ಇದಕ್ಕೆ ದುಡ್ಡು ಬೇಕಿಲ್ಲ, ಅಡುಗೆಮನೆ ಸಾಕು.

ಮೂರು, ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲ್ಲೆತ್ತಿ ಮತ್ತು ಜಾನ್ನಾ ಗೊಬ್ಬಿ ಶುರು ಮಾಡಿದ ಒಳ್ಳೆಯ ಕುರುಬನ ಧರ್ಮೋಪದೇಶ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಾಯಿಪಾಠ ಮಾಡಿಸಲ್ಲ. ಒಂದು ಸಣ್ಣ ದೊಡ್ಡಿ, ಕೆಲವು ಕುರಿ, ಒಬ್ಬ ಕುರುಬ. ಕಥೆ ಹೇಳಿ, ಬೊಂಬೆಗಳನ್ನ ಮಗುವಿನ ಕೈಗೆ ಬಿಟ್ಟುಬಿಡೋದು. ನಮ್ಮ ಕುರಿಗಳು ಮರದ್ದಲ್ಲ, ಗಣಪತಿ ಮಾಡೋರ ಹತ್ರ ಕೇಳಿ ತಂದ ಜೇಡಿಮಣ್ಣಿನವು. ಎರಡಕ್ಕೆ ಕಾಲು ಮುರಿದಿದೆ. ಅವೇ ಅವಳಿಗೆ ಹೆಚ್ಚು ಪ್ರೀತಿ.

4/7

ಆ ಕುರಿ ಕಥೆ ಇಲ್ಲಿಗೇ ಮುಗೀಲಿಲ್ಲ.

ಕೊಯ್ಲಾದ ಮೇಲೆ ಭದ್ರಾವತಿ ಕಡೆ ಗದ್ದೆಗಳಲ್ಲಿ ಬಯಲುಸೀಮೆಯಿಂದ ಬಂದವರು ಕುರಿಮಂದೆ ನಿಲ್ಲಿಸ್ತಾರೆ. ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಒಂದು ಶನಿವಾರ ಸ್ಕೂಟರ್ ನಿಲ್ಲಿಸಿ ತೋರಿಸಿದೆ. ಮಗಳು ಸೀದಾ ಹೋಗಿ, "ಅಜ್ಜ, ಇವೆಲ್ಲ ನಿಮಗೆ ಗೊತ್ತಾ?" ಅಂದಳು.

ಅಜ್ಜ ಬೀಡಿ ಕೆಳಗಿಟ್ಟು, "ಗೊತ್ತಿಲ್ದೆ ಏನು ಪುಟ್ಟಿ? ಮನುಷ್ಯರ ಥರಾನೇ, ಒಂದೊಂದಕ್ಕೆ ಒಂದೊಂದು ಮುಖ" ಅಂದ್ರು. ಒಂದು ಮರಿ ಎತ್ತಿ ಅವಳ ತೋಳಿಗೆ ಕೊಟ್ರು. ರಾತ್ರಿ ಕಾವಲು ಹೇಗೆ, ನಾಯಿ ಯಾಕೆ, ಕಾಲು ಮುರಿದ ಮರೀನ ಏನು ಮಾಡ್ತಾರೆ, ಎಲ್ಲಾ ಹೇಳಿದ್ರು. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆ ಟೀಚರ್ ನನಗೆ ಸಿಗ್ತಿರಲಿಲ್ಲ. ಅವರು ಚರ್ಚ್ ಒಳಗೆ ಕಾಲಿಟ್ಟವರಲ್ಲ.

ಮನೆಗೆ ಬಂದ್ಮೇಲೆ ಮಣ್ಣಿನ ಕುರಿಗಳನ್ನ ಸಾಲಾಗಿ ಇಟ್ಕೊಂಡು ಒಂದೊಂದರ ಮುಖಾನೂ ನೋಡ್ತಾ ಕೂತಿದ್ಲು. ಮುಖ ಒಂದೇ ಥರ ಇದೆ ಅಂತ ಕಡ್ಡಿ ತಗೊಂಡು ಒಂದಕ್ಕೆ ಹುಬ್ಬು ಬರೆದಳು.

ಅವತ್ತೇ ನೋಟ್‌ಬುಕ್‌ನಲ್ಲಿ ಒಂದು ಹೊಸ ಕಾಲಂ ಹಾಕಿದೆ. "ಯಾರ ಹತ್ರ ಕೇಳಬೇಕು." ಪ್ರತಿ ಪಾಠದ ಮುಂದೆ ಮನೆಯವರಲ್ಲದ ಒಬ್ಬರ ಹೆಸರು ಇರಲೇಬೇಕು. ಗರಗಸಕ್ಕೆ ಬಡಗಿ, ಮಣ್ಣಿಗೆ ಗಣಪತಿ ಮಾಡೋರು, ಕುರಿಗೆ ಆ ಅಜ್ಜ.

5/7

ಈಗ ಭಾಷೆ ಮತ್ತು ಕ್ಯಾಲೆಂಡರ್. ಅತಿ ಹೆಚ್ಚು ಪ್ರಶ್ನೆ ಬಂದಿರೋದು ಇದಕ್ಕೇ.

ಪ್ರಾರ್ಥನೆ ಯಾವ ಭಾಷೆಯಲ್ಲಿ? ಯಾರ ಜೊತೆ ಮಾಡ್ತಾಳೋ ಅವರ ಭಾಷೆಯಲ್ಲಿ. ಸಂಜೆ ಅತ್ತೆ ಜೊತೆ ಕೊಂಕಣಿಯಲ್ಲಿ ತೇರ್ಸ್. ಭದ್ರಾವತಿಗೆ ಹೋದ್ರೆ ಅಮ್ಮಚ್ಚಿ ಜೊತೆ ಮಲಯಾಳಂನಲ್ಲಿ ಕೊಂದ. ಎರಡೂ ಅದೇ ಜಪಮಾಲೆ. ಓದೋಕೆ ಮೊದಲು ಕನ್ನಡ. ಕರಾವಳಿ ಕ್ಯಾಥೋಲಿಕರ ಕೊಂಕಣಿ ಬರೆಯೋದೂ ಕನ್ನಡ ಲಿಪಿಯಲ್ಲೇ ಆದ್ರಿಂದ ಒಂದು ಕಲಿತ್ರೆ ಅಜ್ಜಿಯ ಪ್ರಾರ್ಥನೆ ಪುಸ್ತಕಾನೂ ಓದಬಹುದು. ಇಂಗ್ಲಿಷ್ ಸದ್ಯಕ್ಕೆ ಕಿವಿಗೆ ಮಾತ್ರ.

ತಿಂಗಳ ಪಾಠಕ್ಕೆ ಚರ್ಚ್ ಕ್ಯಾಲೆಂಡರೇ ಸಿಲಬಸ್:

ಆಗಸ್ಟ್ 30ರಿಂದ ಒಂಬತ್ತು ದಿನ ಮರಿಯಮ್ಮನಿಗೆ ಹೂವು. ಹೂವಿನ ಹೆಸರು, ಬಣ್ಣ, ಎಣಿಕೆ. ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ. ಹೊಸ ಭತ್ತದ ಊಟ, ತರಕಾರಿ ಪದಾರ್ಥ ಬೆಸ ಸಂಖ್ಯೆಯಲ್ಲೇ ಇರಬೇಕು ಅನ್ನೋದು ಪದ್ಧತಿ. ಬೆಸ, ಸರಿ ಅನ್ನೋದು ಎಲೆ ಮೇಲೇ ಗೊತ್ತಾಯ್ತು.

ನವೆಂಬರ್ 2, ಸಮಾಧಿಗೆ ಹೋಗಿ ಮುತ್ತಜ್ಜಂದಿರ ಹೆಸರು. ನಮ್ಮ ಮನೆ ಇತಿಹಾಸ ಇಲ್ಲಿಂದ ಶುರು.

ತಪಸ್ಸುಕಾಲ ಅಪ್ಪನ ಮನೇಲಿ ಬೂದಿ ಬುಧವಾರ ಶುರು, ಅಮ್ಮನ ಮನೇಲಿ ಎರಡು ದಿನ ಮುಂಚೆ, ಸೋಮವಾರ. "ಎರಡು ಕಡೆ ಬೇರೆ ಬೇರೆ ಯಾಕೆ?" ಅಂತ ಕೇಳಿಯೇ ಕೇಳ್ತಾಳೆ. ಪವಿತ್ರ ಗುರುವಾರ ಭದ್ರಾವತಿಯಲ್ಲಿ ಅಪ್ಪಚ್ಚನ್ ಪೆಸಹಾ ಅಪ್ಪಂ ಮುರಿದು ಎಲ್ಲರಿಗೂ ಹಂಚ್ತಾರೆ, ಬೆಲ್ಲ ತೆಂಗಿನಹಾಲಿನ ಪಾಲ್ ಜೊತೆ. ಹಿಟ್ಟು ರುಬ್ಬೋದ್ರಿಂದ ಹಿಡಿದು ತುಂಡು ಎಣಿಸೋವರೆಗೆ ಅವಳಿಗೆ ಕೆಲಸ ಇದೆ.

ಶಿವಮೊಗ್ಗ ಧರ್ಮಕ್ಷೇತ್ರ ಆಗಿದ್ದು 1988ರಲ್ಲಿ, ಭದ್ರಾವತಿಯಲ್ಲಿ ಸಿರೋ ಮಲಬಾರ್ ಧರ್ಮಕ್ಷೇತ್ರ ಆಗಿದ್ದು 2007ರಲ್ಲಿ. ಇಷ್ಟು ಹತ್ತಿರದ ಎರಡೂರಲ್ಲಿ ಇಬ್ಬರು ಬಿಷಪ್ಪರು. ನಮ್ಮೋಳಿಗೆ ಇದು ಎರಡೂರಲ್ಲಿ ಅಜ್ಜಿ ಇದ್ದ ಹಾಗೆ, ವಿಚಿತ್ರ ಅನ್ಸಲ್ಲ.

6/7

ಈ ಪೋಸ್ಟ್ ಬರೆಯೋಕೆ ಎರಡು ವಾರ ಹಿಡೀತು.

ನಾನು ಬೆಳೆದಿದ್ದು ಭದ್ರಾವತಿಯ ಪೇಪರ್‌ಟೌನ್ ಕ್ವಾರ್ಟರ್ಸ್‌ನಲ್ಲಿ. ಬೆಂಕಿಪುರ ಅಂತ ಇದ್ದ ಊರು ಕಾರ್ಖಾನೆಗಳಿಂದ ದೊಡ್ಡದಾಯ್ತು. ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಕಾಗದ ಕಾರ್ಖಾನೆ ಸ್ಥಾಪನೆಯಾಗಿದ್ದು 1936ರಲ್ಲಿ. ಕೆಲಸ ಹುಡುಕ್ಕೊಂಡು ಮಲಯಾಳಿ, ತಮಿಳರು, ತೆಲುಗರು, ಎಲ್ಲಾ ಕಡೆಯಿಂದ ಬಂದ್ರು. ನಮ್ಮ ಸಾಲಿನ ಎಂಟು ಮನೇಲಿ ಐದು ಭಾಷೆ. ನನಗೆ ಕನ್ನಡ ಕಲಿಸಿದ್ದು ಶಾಲೆ ಅಲ್ಲ, ಕುಂಟೆಬಿಲ್ಲೆ. ರಂಜಾನ್‌ಗೆ ಒಂದು ಮನೆಯಿಂದ, ದೀಪಾವಳಿಗೆ ನಾಲ್ಕು ಮನೆಯಿಂದ, ಕ್ರಿಸ್ಮಸ್‌ಗೆ ನಮ್ಮನೆಯಿಂದ ತಟ್ಟೆ ಹೋಗ್ತಿತ್ತು. ಯಾರೂ ಅದನ್ನ ಸೌಹಾರ್ದ ಅಂತ ಕರೀಲಿಲ್ಲ, ತಟ್ಟೆ ಖಾಲಿ ವಾಪಸ್ ಕೊಡಬಾರದು ಅಂತಷ್ಟೇ ಗೊತ್ತಿತ್ತು.

ಈಗ ಕಾಗದ ಕಾರ್ಖಾನೆ ನಿಂತಿದೆ. ಆ ಸಾಲಿನ ಎಷ್ಟೋ ಬಾಗಿಲಿಗೆ ಬೀಗ.

ಹೋದ ತಿಂಗಳು ಮಗಳು ಎದುರು ಮನೆಗೆ ಬಂದ ಹೊಸಬರನ್ನ ಕಿಟಕಿಯಿಂದ ನೋಡ್ತಾ ಕೇಳಿದಳು. "ಅಮ್ಮಾ, ಅವರು ನಮ್ಮೋರಾ?"

ಆ ಪದ ಅವಳಿಗೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಮನೇಲಿ ಫೋನ್‌ನಲ್ಲಿ ಮಾತಾಡುವಾಗ ಯಾರ ಬಾಯಿಂದಾದ್ರೂ ಕೇಳಿರಬಹುದು. 2022ರಲ್ಲಿ ಫೆಬ್ರವರಿ ಮತ್ತು ಆಗಸ್ಟ್, ಎರಡು ಸಲ ನಿಷೇಧಾಜ್ಞೆ ಕಂಡ ಊರಿದು. ಇಂಥ ಊರಲ್ಲಿ ಆ ಮೂರಕ್ಷರದ ಪದ ಮಕ್ಕಳ ಬಾಯಿಗೆ ಬೇಗ ಬರುತ್ತೆ.

ಗಂಡ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದ್ರು, ಅಷ್ಟೇ. ಪ್ರಾರ್ಥನೆ, ಅಕ್ಷರ, ಲೆಕ್ಕ ಇವೆಲ್ಲ ಮನೇಲಿ ಕಲಿಸೋಕೆ ಆಗುತ್ತೆ. ಬೇರೆ ಮನೆ ಮಗು ತನ್ನ ಆಟಿಕೆ ಕಿತ್ಕೊಂಡಾಗ ಏನು ಮಾಡಬೇಕು, ಅದರ ಮನೆ ಹಬ್ಬಕ್ಕೆ ಕರೆದಾಗ ಹೇಗೆ ಹೋಗಬೇಕು ಅನ್ನೋದನ್ನ ನಾನೊಬ್ಬಳೇ ಕಲಿಸೋಕೆ ಆಗಲ್ಲ. ಅದಕ್ಕೆ ಬೇರೆ ಮನೆ ಮಗುವೇ ಬೇಕು.

7/7

ಹಾಗಾಗಿ ನಮ್ಮ ಟೈಂಟೇಬಲ್‌ನ ಮೊದಲ ಸಾಲು ಪ್ರಾರ್ಥನೆಯೂ ಅಲ್ಲ, ಅಕ್ಷರವೂ ಅಲ್ಲ.

ಸೋಮ, ಬುಧ, ಶುಕ್ರ ಬೆಳಗ್ಗೆ 10ರಿಂದ 12:30: ನಮ್ಮ ಬೀದಿ ಅಂಗನವಾಡಿ. ಮೂರರಿಂದ ಆರು ವರ್ಷದವರಿಗೆ ಅಲ್ಲಿ ಜಾಗ ಇದ್ದೇ ಇದೆ. ಟೀಚರ್ ಹತ್ರ ಹೋಗಿ ಹೆಸರು ಬರೆಸಿದ್ವಿ. ಹಾಡು, ಆಟ, ಮೊಟ್ಟೆ, ಜಗಳ ಎಲ್ಲಾ ಅಲ್ಲೇ. "ಹಾಗಾದ್ರೆ ಇದು ಮನೆಶಾಲೆ ಹೇಗಾಯ್ತು?" ಅಂತ ಕೇಳ್ಬೇಡಿ, ಹೆಸರು ಏನಾದ್ರೂ ಇಟ್ಕೊಳ್ಳಿ.

ಮಂಗಳ, ಗುರು ಬೆಳಗ್ಗೆ 10ರಿಂದ 11: ಅಕ್ಷರ, ಎಣಿಕೆ. ಒಂದು ಗಂಟೆ ಅಂದ್ರೆ ಒಂದೇ ಗಂಟೆ.

ದಿನಾ ಮಧ್ಯಾಹ್ನ: ಅಡುಗೆಮನೆ ಕೆಲಸ, ನಿದ್ದೆ.

ದಿನಾ ಸಂಜೆ 4:30ರಿಂದ 6: ಬೀದಿ ಮಕ್ಕಳಿಗೆ ನಮ್ಮ ಗೇಟು ತೆರೆದಿರುತ್ತೆ. ಎದುರು ಮನೆ ಹೊಸಬರ ಹುಡುಗ ಈಗ ದಿನಾ ಬರ್ತಾನೆ. ಆಮೇಲೆ ತೇರ್ಸ್.

ಶನಿವಾರ: ರೈಲಲ್ಲಿ ಭದ್ರಾವತಿ. ಇಲ್ಲಿ ತುಂಗೆ, ಅಲ್ಲಿ ಭದ್ರೆ, ಎರಡೂ ಸೇರೋದು ಕೂಡ್ಲಿಯಲ್ಲಿ. ಕೂಡ್ಲಿಗೆ ಮಳೆ ಕಡಿಮೆ ಆದ್ಮೇಲೆ ಒಂದು ಟ್ರಿಪ್.

ಪ್ರತಿ ತಿಂಗಳು 18ರಿಂದ 20: ಪಾಠ ರಜೆ. ಅಮ್ಮನಿಗೆ ಅಂಗಡಿಗಳ ಜಿಎಸ್‌ಟಿ ಫೈಲಿಂಗ್ ಇರುತ್ತೆ. ಮನೇಲಿ ಕೆಲಸ ಮಾಡೋ ಅಮ್ಮಂದಿರೇ, ನಿಮ್ಮ ಡೆಡ್‌ಲೈನ್‌ನ ಪ್ಲಾನ್‌ನಲ್ಲೇ ಬರೆದಿಡಿ. ಇಲ್ಲಾಂದ್ರೆ ಆ ಮೂರು ದಿನ ಮಗು ಮೇಲೆ ಕೂಗಾಡೋದೇ ಪಾಠ ಆಗುತ್ತೆ.

ಇನ್ನು ಆರು ತುಂಬಿದ ಮೇಲೆ? ಗಂಡ ಹೆಂಡತಿ ಕೂತು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೀವಿ. ಶಾಲೆಗೆ ಸೇರಿಸ್ತೀವಿ. ಯಾವ ಶಾಲೆ ಅನ್ನೋದಕ್ಕೆ ಮೂರೇ ಪ್ರಶ್ನೆ: ನಡೆದು ಹೋಗೋ ದೂರದಲ್ಲಿದೆಯಾ? ಕನ್ನಡ ಚೆನ್ನಾಗಿ ಕಲಿಸ್ತಾರಾ? ಅವಳ ಬೆಂಚಲ್ಲಿ ನಮ್ಮ ಥರದವರಲ್ಲದ ಮಕ್ಕಳು ಕೂರ್ತಾರಾ? ಸಿಸ್ಟರ್‌ಗಳ ಶಾಲೆ ಆದ್ರೂ ಸರಿ, ಸರ್ಕಾರಿ ಶಾಲೆ ಆದ್ರೂ ಸರಿ. ಪ್ರಥಮ ಪರಮಪ್ರಸಾದದ ತಯಾರಿ ಹೇಗೂ ಚರ್ಚ್‌ನಲ್ಲಿ ಆಗುತ್ತೆ. ಮನೆ ಪಾಠ ಸಂಜೆ ಮುಂದುವರಿಯುತ್ತೆ.

ನಿಮ್ಮ ಮನೇಲಿ ಆರರೊಳಗಿನ ಮಕ್ಕಳಿದ್ರೆ, ಈ ವಾರ ಮನೆಯವರಲ್ಲದ ಯಾರಿಂದ ಏನು ಕಲಿತ್ರು? ಕೆಳಗೆ ಬರೀರಿ. ನಮ್ಮ ನೋಟ್‌ಬುಕ್‌ನ ಆ ಕಾಲಂನಲ್ಲಿ ಇನ್ನೂ ಜಾಗ ಇದೆ.

#ಮನೆಶಾಲೆ #ಶಿವಮೊಗ್ಗ #ಭದ್ರಾವತಿ #ಅಂಗನವಾಡಿ