ಬಾಟಲಿಯೊಳಗಿನ ಬಾಳೆಸಸಿ

ಬಾಳೆ ಬೆಳೆಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಸರ್, ಅಂಗಾಂಶ ಕೃಷಿಯ ಸಸಿಗೆ ಪ್ರಯೋಗಾಲಯದಲ್ಲೇ ಔಷಧಿ ಕೊಟ್ಟಿರುತ್ತಾರಂತೆ. ಹಾಗಾದರೆ ಅದಕ್ಕೆ ರೋಗ ಬರುವುದಿಲ್ಲವೇ?" ಸಾಲ ಮಾಡಿ ಸಸಿ ಕೊಳ್ಳುವವರ ಪ್ರಶ್ನೆ ಇದು. ಆದ್ದರಿಂದ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಬಾಳೆಯ ಕಂದಿನಿಂದ ಬೆಳವಣಿಗೆಯ ತುದಿಯನ್ನು ಬಿಡಿಸಿ, ಸಕ್ಕರೆ, ಲವಣ, ಹಾರ್ಮೋನುಗಳಿರುವ ಅಗರ್ ಮೇಲೆ ಬೆಳೆಸುತ್ತಾರೆ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ಲವಣಮಿಶ್ರಣ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಆದರೆ ಸಸಿಗೆ ಉಣಿಸಿದ ಸಕ್ಕರೆ ಬ್ಯಾಕ್ಟೀರಿಯಾಕ್ಕೂ ಹಬ್ಬದೂಟವೇ. ಹೊರಮೈಯನ್ನು ಎಷ್ಟು ತೊಳೆದರೂ ಒಳಗೆ ಅಡಗಿದವು ಉಳಿಯಬಹುದು. ಆಗ ಪ್ರತಿಜೈವಿಕಗಳನ್ನು ಬಳಸುವುದುಂಟು.

ಎಲ್ಲ ಪ್ರತಿಜೈವಿಕಗಳೂ ಒಂದೇ ಬಗೆಯವಲ್ಲ. ಸೆಫೋಟಾಕ್ಸಿಮ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವುದನ್ನು ತಡೆಯುತ್ತದೆ. ಸಸ್ಯದ ಕೋಶಭಿತ್ತಿ ಸೆಲ್ಯುಲೋಸಿನದಾದ್ದರಿಂದ ಸಸಿಗೆ ಅಷ್ಟಾಗಿ ಬಾಧೆಯಿಲ್ಲ. ಸ್ಟ್ರೆಪ್ಟೊಮೈಸಿನ್, ಕ್ಯಾನಮೈಸಿನ್‌ಗಳ ಮಾತು ಬೇರೆ. ಅವು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನು ತಯಾರಿಕೆಯನ್ನು ಕೆಡಿಸುತ್ತವೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನ ಪೂರ್ವಜ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಅದರ ರೈಬೋಸೋಮು ಇಂದಿಗೂ ಅದೇ ಕುಲದ್ದು. ಮದ್ದಿಗೆ ಮನೆಯವರು, ಕಳ್ಳರು ಎಂಬ ಭೇದ ತಿಳಿಯದು. ಪರಿಣಾಮವಾಗಿ ಎಲೆ ಬಿಳಿಚಿಕೊಳ್ಳುತ್ತದೆ.

ಬೆಳಕಿನದೂ ಇಂಥದೇ ಇಬ್ಬಗೆ. ದಿನಕ್ಕೆ ಹದಿನಾರು ಗಂಟೆ ಬೆಳಕು ಕೊಡುವುದು ಸಾಮಾನ್ಯ ಪದ್ಧತಿ, ಬೆಳಕಿಲ್ಲದೆ ಹಸಿರಿಲ್ಲ. ಅದೇ ಬೆಳಕು ಅಗರಿನಲ್ಲಿರುವ ಐಎಎ ಎಂಬ ಆಕ್ಸಿನ್ ಹಾರ್ಮೋನನ್ನು ಒಡೆಯುತ್ತದೆ. ಟೆಟ್ರಾಸೈಕ್ಲಿನ್ ಕೂಡ ಬೆಳಕಿನಲ್ಲಿ ಕೆಡುತ್ತದೆ. ನೇರಳಾತೀತ ಮತ್ತು ನೀಲಿ ಕಿರಣಗಳನ್ನು ತಡೆಯುವ ಹಳದಿ ಹಾಳೆಯಿಂದ ಹಾರ್ಮೋನಿನ ನಷ್ಟವನ್ನು ತಗ್ಗಿಸಬಹುದು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಪ್ರತಿಜೈವಿಕ ಅನೇಕ ವೇಳೆ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದುಮಿಡುತ್ತದೆಯಷ್ಟೆ; ಔಷಧಿ ನಿಂತೊಡನೆ ಅದು ಮತ್ತೆ ತಲೆಯೆತ್ತಬಹುದು. ವೈರಸ್ಸಿಗಂತೂ ಪ್ರತಿಜೈವಿಕ ನಾಟುವುದೇ ಇಲ್ಲ. ತಾಯಿಗಿಡದಲ್ಲಿ ಬಂಚಿ ಟಾಪ್ ವೈರಸ್ ಇದ್ದರೆ, ನೋಡಲು ಆರೋಗ್ಯವಾಗಿರುವ ಸಾವಿರಾರು ಸಸಿಗಳ ಮೂಲಕ ಅದು ತೋಟದಿಂದ ತೋಟಕ್ಕೆ ಹರಡೀತು. ಶುದ್ಧ ಸಸಿಯನ್ನೇ ನೆಟ್ಟರೂ ಸಸ್ಯಹೇನುಗಳು ಅಕ್ಕಪಕ್ಕದ ತೋಟದಿಂದ ಆ ವೈರಸ್ಸನ್ನು ಹೊತ್ತು ತರಬಲ್ಲವು.

ಆದುದರಿಂದ, ಮಕ್ಕಳೇ, ಸಸಿ ಕೊಳ್ಳುವಾಗ "ಔಷಧಿ ಕೊಟ್ಟಿದ್ದೀರಾ?" ಎಂದು ಕೇಳಬೇಡಿ. "ತಾಯಿಗಿಡಕ್ಕೆ ವೈರಸ್ ಪರೀಕ್ಷೆ ಮಾಡಿಸಿದ್ದೀರಾ? ವರದಿ ತೋರಿಸಿ" ಎಂದು ಕೇಳಿ. ನೆಟ್ಟ ಮೇಲೆ ಎಲೆಗಳು ಕಿರಿದಾಗಿ ತುದಿಯಲ್ಲಿ ಗೊಂಚಲುಗಟ್ಟಿದ ಗಿಡ ಕಂಡರೆ, ಮೊದಲು ಹೇನು ನಿವಾರಿಸಿ, ಬಳಿಕ ಗಡ್ಡೆಸಮೇತ ಕಿತ್ತು ನಾಶಮಾಡಿ. ಒಂದು ಗಿಡದ ಮೇಲಿನ ಮರುಕ ಇಡೀ ತೋಟಕ್ಕೆ ಮುಳುವಾಗಬಾರದು.