ಬೆಂಡು ಅಲುಗಿತು, ಮೀನೆಲ್ಲಿ?

ಕೆ.ಆರ್. ನಗರದಿಂದ ಹೊಳೆನರಸೀಪುರದ ಕಡೆ ಹೋಗುವಾಗ ಭೇರ್ಯ ಸಿಗುತ್ತದೆ. ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ; ಅವರಿಗೆ ಚುಂಚನಕಟ್ಟೆಯ ಜಲಪಾತವೇ ಗುರಿ. ಆದರೆ ಈ ಸೀಮೆಯಲ್ಲಿ ನಿಮಗೊಂದು ಸಂಜೆ ಬಿಡುವಿದ್ದರೆ ಯಾವುದಾದರೂ ಕೆರೆ ಏರಿಯ ಮೇಲೆ, ಇಲ್ಲವೇ ಸಾಲಿಗ್ರಾಮದ ಬಳಿ ಕಾವೇರಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಗಾಳ ಹಾಕಿದವರು ಒಬ್ಬರಾದರೂ ಕಂಡಾರು. ಅವರ ಮನೆಯಲ್ಲಿ ಸಾರಿಗೆ ಮಸಾಲೆಯನ್ನೂ ಅರೆದಿಟ್ಟಿರಬಹುದು!

ಬೆಂಡು ಅಲುಗುತ್ತದೆ. ಕೋಲು ಎಳೆದರೆ ಬರೀ ಗಾಳ. ಎರೆಹುಳು ಅರ್ಧ ಮಾಯ. ಯಾಕೆ ಹೀಗೆ?

ಮೀನಿಗೆ ಕೈಯಿಲ್ಲ. ಎದುರಿಗೆ ಬಂದದ್ದು ತಿನ್ನುವಂಥದ್ದೇ ಎಂದು ಮುಟ್ಟಿ ನೋಡಲು ಬಾಯಿಯೇ ಬೇಕು. ಕಾಟ್ಲಾ, ರೋಹು, ಗೆಂಡೆ ಮೀನುಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆದ್ದರಿಂದ ಅವು ಕಚ್ಚುವುದಿಲ್ಲ, ನೀರಿನೊಡನೆ ಒಳಗೆ ಎಳೆದುಕೊಳ್ಳುತ್ತವೆ. ಗಟ್ಟಿಯಾದದ್ದೇನಾದರೂ ತಗುಲಿದರೆ ಅಷ್ಟೇ ಬೇಗ ಉಗುಳುತ್ತವೆ. ಬೆಂಡಿನ ಮೊದಲ ಅಲುಗಾಟ ಎಷ್ಟೋ ಸಲ ಈ ಪರೀಕ್ಷೆ ಮಾತ್ರ, ಊಟವಲ್ಲ. ದಾರ ಬಿಗಿಯಾಗಿದ್ದರೆ ಎರೆ ಬಾಯೊಳಗೆ ಹೋಗುವುದೇ ಇಲ್ಲ. ರಾಗಿಹಿಟ್ಟಿನ ಉಂಡೆ ತೀರಾ ಗಟ್ಟಿಯಾಗಿದ್ದರೆ ಗಾಳದ ಮೊನೆ ಹಿಟ್ಟಿನೊಳಗೇ ಉಳಿಯುತ್ತದೆ. ದೊಡ್ಡ ಗಾಳಕ್ಕೆ ಸಣ್ಣ ಜಿಲೇಬಿ ಮೀನು ಬಂದರೆ ಹುಳುವಿನ ತುದಿಯನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ. ಆದರೂ ಹೆಚ್ಚಿನ ಮೀನು ತಪ್ಪುವುದು ಎಳೆಯುವವನ ಆತುರದಿಂದಲೇ. ಬೆಂಡು ಒಂದೇ ಕಡೆಗೆ ಜಾರುವವರೆಗೆ, ಇಲ್ಲವೇ ಪೂರಾ ಮುಳುಗುವವರೆಗೆ ಕೈ ಸುಮ್ಮನಿರಬೇಕು.

ಬ್ರಿಟಿಷರು ನೀಲಗಿರಿಯ ತಣ್ಣನೆಯ ಹೊಳೆಗಳಿಗೆ ತಂದು ಬಿಟ್ಟ ಟ್ರೌಟ್ ಮೀನಿನ ಕಥೆಯೂ ಹೆಚ್ಚುಕಡಿಮೆ ಇದೇ. ಅದಕ್ಕೆ ದವಡೆಯಲ್ಲೂ ಹಲ್ಲಿದೆ. ಆದರೆ ಅದಕ್ಕೆ ಹಾಕುವ ನೊಣ ಗರಿ ಮತ್ತು ನೂಲಿನಿಂದ ಕಟ್ಟಿದ್ದು; ರುಚಿಯಿಲ್ಲ. ಬಾಯಿಗೆ ಹೋದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಇಲ್ಲಿ ತಡವಾದರೆ ಮೀನು ಉಗುಳಿರುತ್ತದೆ. ದಾರ ಎಳೆದು ನೊಣ ಹರಿವಿಗೆ ಅಡ್ಡ ಓಡಿದರೆ ಮೇಲೆದ್ದ ಮೀನು ಕೊನೇ ಗಳಿಗೆಯಲ್ಲಿ ತಿರುಗಿಬಿಡುತ್ತದೆ. ನೀರಿನಲ್ಲಿ ಬಳೆಯಂಥ ಅಲೆಯೊಂದೇ ಉಳಿಯುತ್ತದೆ.

ನಮ್ಮ ಕೆರೆಗಳ ಕೊರವನ ವಿಷಯ ಬೇರೆ. ಮಳೆಗಾಲದಲ್ಲಿ ನೀರಿನಂಚಿನಲ್ಲಿ ಕೆಂಪು ಮರಿಗಳ ಗುಂಪು ಒಟ್ಟಿಗೆ ಮೇಲೆದ್ದು ಮುಳುಗುವುದು ಕಂಡರೆ, ಕೆಳಗೆ ದೊಡ್ಡ ಮೀನು ಕಾವಲಿದೆಯೆಂದೇ ತಿಳಿಯಿರಿ. ಹತ್ತಿರ ಬಂದದ್ದನ್ನು, ಅದು ಕಪ್ಪೆಯಿರಲಿ ಗಾಳವಿರಲಿ, ಹಸಿವಿಲ್ಲದಿದ್ದರೂ ಓಡಿಸಲು ಹೊಡೆಯುತ್ತದೆ. ಆಗ ಗಾಳ ತಪ್ಪುವುದೂ ಉಂಟು, ತುಟಿಗೆ ಸಿಕ್ಕುವುದೂ ಉಂಟು. ಸಿಕ್ಕಿದರೆ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ, ಹಕ್ಕಿಗಳ ಪಾಲು. ಅಂಥ ಜಾಗ ಕಂಡರೆ ಗಾಳ ಸುತ್ತಿಕೊಂಡು ದೂರ ಹೋಗಿ ಕುಳಿತುಕೊಳ್ಳಿ. ಜಿಲೇಬಿ ಮೀನು ಅಲ್ಲಿಯೂ ಸಿಗುತ್ತದೆ.