ಮುಳುಗಿ ಎದ್ದ ಜೀಪು

ಗುಂಡ್ಲುಪೇಟೆ ಕಡೆ ಜೀಪು ನೀರಲ್ಲಿ ಮುಳುಗಿತು ಅಂದರೆ ಹಳಬರು ಮೊದಲು ಕೇಳುವುದು, "ಯಾವ ಕೆರೆಗ ಇಳಿಸಿದ್ನಂತ?" ಎಂದು. ಕೇಳುವುದರಲ್ಲಿ ತಪ್ಪೇನಿದೆ? ಗುಡ್ಡದ ಆಚೆ ವಯನಾಡಿನಲ್ಲಿ ಹಗಲೂ ರಾತ್ರಿ ಹುಯ್ಯುವ ಮುಂಗಾರು, ಬಂಡೀಪುರದ ಕಾಡು ದಾಟಿ ನಮ್ಮ ಕಡೆಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಚೆಂಡುಹೂವಿನ ಹೊಲದ ಮೇಲೆ ನಾಲ್ಕು ಹನಿ ಚೆಲ್ಲಿ ಮುಂದೆ ಹೋಗುತ್ತದೆ. ಇದು ಮಳೆನೆರಳಿನ ಸೀಮೆ. ಬೋರಿನಲ್ಲಿ ಎಷ್ಟು ಇಂಚು ನೀರು ಅನ್ನುವುದೇ ಇಲ್ಲಿನ ಕುಶಲಪ್ರಶ್ನೆ. ಹಾಗಿರುವಾಗ ಗಾಡಿ ಮುಳುಗುವಷ್ಟು ನೀರು ಎಲ್ಲಿಂದ ಬರಬೇಕು?

ಬಂತು. 2022ರ ಆಗಸ್ಟ್, ಸೆಪ್ಟೆಂಬರ್ ನೆನಪಿದೆಯಲ್ಲ? ಸುವರ್ಣಾವತಿ, ಚಿಕ್ಕಹೊಳೆ ಎರಡೂ ಜಲಾಶಯ ತುಂಬಿದವು, ಕೆರೆಗಳು ಕೋಡಿ ಬಿದ್ದವು, ಯಳಂದೂರು ಕಡೆಯ ಊರುಗಳಿಗೆ ನೀರು ನುಗ್ಗಿತು. ಕೋಡಿ ಬಿದ್ದ ಕೆರೆ ನೋಡಲು ಮಕ್ಕಳುಮರಿ ಕಟ್ಟಿಕೊಂಡು ಜನ ಬುತ್ತಿ ಸಮೇತ ಹೋದರು. ಬರ ಕಂಡ ಊರಿಗೆ ಆ ಸಂತೋಷ ಎಷ್ಟು ದೊಡ್ಡದು ಅಂತ ಬೇರೆ ಕಡೆಯವರಿಗೆ ಹೇಳಿದರೆ ತಿಳಿಯದು. ಆ ಸಂತೋಷದ ನಡುವೆಯೇ ತೆರಕಣಾಂಬಿ ಕಡೆ ನಮ್ಮ ಭಾವನ ತೋಟದ ಪಕ್ಕದ ಹಳ್ಳ ರಾತ್ರೋರಾತ್ರಿ ಉಕ್ಕಿ, ಶೆಡ್ಡಿನಲ್ಲಿ ನಿಂತಿದ್ದ ಜೀಪಿನ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು.

ಜೀಪಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಭಾವ ಬೇಜಾರು ಮಾಡಿಕೊಳ್ಳುತ್ತಾರೆ. ಅದು ಮಹೀಂದ್ರ ಎಂಎಂ 540, ಪ್ಯೂಜೋ ಡೀಸೆಲ್ ಇಂಜಿನ್ನಿನದು, 2112 ಸಿಸಿ. ನಂಬರ್ ಪ್ಲೇಟು ಕೆಎ-09. ಅಂದರೆ 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವ ಮುಂಚೆ, ಗುಂಡ್ಲುಪೇಟೆ ಇನ್ನೂ ಮೈಸೂರಿನ ತಾಲ್ಲೂಕಾಗಿದ್ದಾಗ ರಿಜಿಸ್ಟರ್ ಆದದ್ದು. ಈಗಿನ ಗಾಡಿಗಳಿಗೆಲ್ಲ ಕೆಎ-10. ಹಳೇ 09 ನೋಡಿದಾಗೆಲ್ಲ ನನಗೆ ಒಂದು ಕಾಗದಕ್ಕೂ ಮೈಸೂರಿಗೆ ಬಸ್ಸು ಹತ್ತಬೇಕಿದ್ದ ಕಾಲ ಕಣ್ಣಿಗೆ ಬರುತ್ತದೆ. ಈರುಳ್ಳಿ ಮೂಟೆ, ಅರಿಶಿನದ ಬಿತ್ತನೆ ಗಡ್ಡೆ, ಹೆರಿಗೆಗೆ ಹೊರಟ ಪಕ್ಕದ ಮನೆಯ ಹೆಣ್ಣುಮಗಳು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟ ನೆಂಟರು, ಎಲ್ಲವನ್ನೂ ಎಲ್ಲರನ್ನೂ ಹೊತ್ತ ಜೀಪು. ಬೆಟ್ಟಕ್ಕೆ ಈಗ ನಮ್ಮ ಗಾಡಿ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಬೇಕು. ಆನೆ ಓಡಾಡುವ ದಾರಿ, ಅದೇ ಸರಿ. ಆದರೂ ಮಂಜಿನಲ್ಲಿ ಜೀಪಿನ ಟಾರ್ಪಾಲು ಪಟಪಟ ಅನ್ನುತ್ತಾ ಮೇಲೇರಿದವರಿಗೆ ಬಸ್ಸಿನ ಕಿಟಕಿ ಸಾಲುವುದಿಲ್ಲ.

ಎಲ್ಲಿದ್ದೆ? ನೀರು. ನೀರಿಳಿದ ಬೆಳಗ್ಗೆ ಭಾವ ಮಾಡಹೊರಟದ್ದು, ಯಾರಾದರೂ ಮಾಡುವುದು, ಒಂದೇ: ಕೀಲಿ ತಿರುಗಿಸಿ ಸೆಲ್ಫ್ ಹೊಡೆಯುವುದು. ಸ್ಟಾರ್ಟ್ ಆಗುತ್ತದೋ ಇಲ್ಲವೋ ನೋಡೋಣ ಅನ್ನುವ ತವಕ ಇರುವುದಿಲ್ಲವೇ? ಅಕ್ಕ ಬಿಡಲಿಲ್ಲ. ನೀರು ಹೊಕ್ಕ ಪಂಪ್‌ಸೆಟ್ಟಿಗೆ ಸ್ವಿಚ್ ಹಾಕಿ ಮೋಟಾರು ಸುಟ್ಟುಕೊಂಡವರನ್ನು ಊರಲ್ಲಿ ಕಂಡಿದ್ದವಳು. ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು. ಆ ಗಂಟೇ ಜೀಪನ್ನು ಉಳಿಸಿತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಯಾಕೆಂದು ಕೇಳಿ. ಡೀಸೆಲ್ ಇಂಜಿನ್ನಿನ ಪಿಸ್ಟನ್ ಇಪ್ಪತ್ತು ಪಾಲು ಗಾಳಿಯನ್ನು ಹೆಚ್ಚುಕಡಿಮೆ ಒಂದು ಪಾಲಿನ ಜಾಗಕ್ಕೆ ಅದುಮುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಜಪ್ಪಯ್ಯ ಅಂದರೂ ಅದುಮಿಸಿಕೊಳ್ಳುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಕೆಲವೊಮ್ಮೆ ಮುರಿದು ಬ್ಲಾಕನ್ನೇ ಒಡೆಯುತ್ತದೆ. ಆಮೇಲೆ ಮಾಡಿಸುವುದೋ ಮಾರುವುದೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ, ಗುಜರಿಯವನು ಬಂದು ತೂಕ ಹಾಕುತ್ತಾನೆ.

ಟ್ರ್ಯಾಕ್ಟರಿಗೆ ಕಟ್ಟಿ ಗುಂಡ್ಲುಪೇಟೆಗೆ ಎಳೆದುಕೊಂಡು ಹೋದಾಗ ಗ್ಯಾರೇಜಿನ ಹಿರಿಯ ಮೇಸ್ತ್ರಿ ಬಾನೆಟ್ ಎತ್ತುವ ಮುಂಚೆಯೇ ಕೇಳಿದ್ದೂ ಅದನ್ನೇ.

"ಸೆಲ್ಫ್ ಗಿಲ್ಫ್ ಹೊಡುದ್ರಾ?"

"ಇಲ್ಲ ಕನಣ್ಣ, ಮುಟ್ಟೇ ಇಲ್ಲ."

"ಅಂಗಾದ್ರ ಜೀವ ಅದ ಬುಡಿ."

ಆಮೇಲೆ ಅವರು ಮಾಡಿದ್ದನ್ನು ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಬ್ಯಾಟರಿ ಬಿಚ್ಚಿ ಆಚೆ ಇಟ್ಟರು. ಆಯಿಲ್ ಚೇಂಬರಿನ ಅಡಿಗೆ ಹಳೇ ಡಬ್ಬ ಇಟ್ಟು ಬೋಲ್ಟು ಸಡಿಲಿಸಿದರೆ ಮೊದಲು ಬಂದದ್ದು ಎಣ್ಣೆಯಲ್ಲ, ಕೆಂಪು ಮಣ್ಣಿನ ನೀರು. ನೀರು ಭಾರ, ಅಡಿಯಲ್ಲಿ ಕೂತಿತ್ತು. ಅದು ಹರಿದು ಮುಗಿದ ಮೇಲೆ ನಿಧಾನಕ್ಕೆ ಕಪ್ಪು ಎಣ್ಣೆ. "ಕಪ್ಪಾಗೇ ಬತ್ತಾ ಅದ, ನೋಡಿ" ಅಂದರು ಮೇಸ್ತ್ರಿ, ಮುಖ ಅರಳಿಸಿ. ನೀರು ಸೇರಿದ ಮೇಲೂ ಇಂಜಿನ್ ಓಡಿಸಿದ್ದರೆ ಎರಡೂ ಕಲಸಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತಿತ್ತಂತೆ, ಆ ಎಣ್ಣೆ ಬೇರಿಂಗುಗಳನ್ನು ಉಳಿಸುವುದಿಲ್ಲವಂತೆ. ಆಮೇಲೆ ನಾಜಲ್ಲುಗಳನ್ನು ಬಿಚ್ಚಿ, ಪುಲ್ಲಿಗೆ ಪಾನ ಹಾಕಿ ಕೈಯಲ್ಲೇ ಇಂಜಿನ್ ತಿರುಗಿಸಿದರು. ಎರಡನೇ ತೂತಿನಿಂದ ನೀರು ಚಿಮ್ಮಿ ಅವರ ಅಂಗಿಯ ಮೇಲೆ ಬಿತ್ತು. ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದರು. ಸಲೀಸಾಗಿ ತಿರುಗಿತು. ಭಾವ ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದರು ಅಂತ ನನಗೆ ಗೊತ್ತಾದದ್ದು ಅವರು ಉಸಿರು ಬಿಟ್ಟಾಗ.

ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಗೇರ್‌ಬಾಕ್ಸ್, ಫೋರ್‌ವೀಲ್‌ನ ಟ್ರಾನ್ಸ್‌ಫರ್ ಕೇಸ್, ಹಿಂದಿನ ಮುಂದಿನ ಕ್ರೌನ್ ಹೌಸಿಂಗ್, ಚಕ್ರದ ಬೇರಿಂಗು, ಬ್ರೇಕ್ ಡ್ರಮ್ಮು, ಎಲ್ಲವನ್ನೂ ಬಿಚ್ಚಬೇಕು. ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಡೀಸೆಲ್ ಟ್ಯಾಂಕು ತೊಳೆಯದೆ ಬಿಟ್ಟರೆ ನೀರು ಪಂಪಿಗೆ ಹೋಗಿ ಅದೊಂದಕ್ಕೇ ದೊಡ್ಡ ಖರ್ಚು. ಮುಳುಗಿದ ಗಾಡಿಗೆ ಮೊದಲ ಎರಡು ಮೂರು ದಿನ ಬಹಳ ಮುಖ್ಯ. ಯೋಚನೆ ಮಾಡೋಣ, ಹಬ್ಬ ಕಳೀಲಿ ಅಂತ ಟಾರ್ಪಾಲು ಹೊದಿಸಿ ಇಟ್ಟವರ ಗಾಡಿ ಯೋಚನೆ ಮುಗಿಯುವಷ್ಟರಲ್ಲಿ ಒಳಗಿಂದೊಳಗೇ ತುಕ್ಕು ತಿಂದಿರುತ್ತದೆ.

ಹಬ್ಬ ಅಂದೆನಲ್ಲ, ಅದೇ ಗೌರಿ ಗಣೇಶ ಹಬ್ಬದ ಮುಂಚೆ ಭಾವನ ಅಣ್ಣನ ಮಗ ಬೆಂಗಳೂರಿನಿಂದ ಊರಿಗೆ ಹೊರಟಿದ್ದ. ರಾಮನಗರದ ಹತ್ತಿರ ಹೆದ್ದಾರಿಯೇ ಹೊಳೆಯಾಗಿದ್ದ ದಿನಗಳು. ಅವನದು ಹೊಸ ಫೋರ್‌ವೀಲ್ ಗಾಡಿ, ಮೈತುಂಬ ಕಂಪ್ಯೂಟರು. ಈ ಹೊಸ ಗಾಡಿಗಳಿಗೆ ಎಷ್ಟು ಆಳದ ನೀರಿನಲ್ಲಿ ಹೋಗಬಹುದೆಂದು ಕಂಪನಿಯವರೇ ಅಳತೆ ಕೊಡುತ್ತಾರೆ, 2020ರ ಥಾರ್‌ಗೆ 650 ಮಿಲಿಮೀಟರ್, ಸುಮಾರು ಒಂದೂವರೆ ಮೊಳ. ಹುಡುಗರು ಆ ಅಂಕಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಹರಿಯುವ ನೀರು ಎರಡು ಅಡಿ ಇದ್ದರೆ ಸಾಕು, ದೊಡ್ಡ ಗಾಡಿಯನ್ನೂ ತೇಲಿಸಿ ಎಳೆದುಕೊಂಡು ಹೋಗುತ್ತದೆ. ದಯವಿಟ್ಟು ಯಾರೂ ಹಳ್ಳದ ಮುಂದೆ ನಿಂತು ಆ ಲೆಕ್ಕ ಹಾಕಬೇಡಿ. ಹುಡುಗ ಪಾರಾದ, ಅದು ದೊಡ್ಡದು. ಗಾಡಿ ಡ್ಯಾಶ್‌ಬೋರ್ಡಿನವರೆಗೆ ಮುಳುಗಿತು.

ಅವನ ಗಾಡಿಯ ತೀರ್ಮಾನ ಬೇರೆ ಥರ ಆಯಿತು. ವಿಮೆಯವರ ಲೆಕ್ಕದಲ್ಲಿ ಗಾಡಿಗೆ ಐಡಿವಿ ಅಂತ ಒಂದು ಬೆಲೆ ಇರುತ್ತದೆ, ವರ್ಷ ಕಳೆದ ಹಾಗೆ ಇಳಿಯುವಂಥದ್ದು. ರಿಪೇರಿ ಖರ್ಚು ಅದರ ಶೇ. 75 ದಾಟಿದರೆ ಟೋಟಲ್ ಲಾಸ್. ಇಸಿಯು, ಏರ್‌ಬ್ಯಾಗಿನ ಪೆಟ್ಟಿಗೆ, ಕಾರ್ಪೆಟ್ಟಿನಡಿಯ ವೈರಿನ ಜಡೆ, ಎಲ್ಲ ಸೇರಿ ಸುಲಭವಾಗಿ ದಾಟಿತು. ಅವನು ಹಣ ತೆಗೆದುಕೊಂಡು ಬೇರೆ ಗಾಡಿ ಕೊಂಡ. ಒಳ್ಳೆಯದನ್ನೇ ಮಾಡಿದ. ಕನೆಕ್ಟರುಗಳ ಒಳಗೆ ಹಸಿರು ಕಿಲುಬು ಕೂತರೆ ಆರು ತಿಂಗಳ ಮೇಲೆ ಯಾವತ್ತೋ ನಡುರಾತ್ರಿ ಕೈಕೊಡುತ್ತದೆ, ಯಾಕೆಂದು ಹುಡುಕಲು ಮೇಸ್ತ್ರಿಯ ಕಣ್ಣು ಕಿವಿ ಸಾಲದು. ನನ್ನ ಅಭಿಪ್ರಾಯ ಕೇಳಿದರೆ, ಕಬ್ಬಿಣ ಹೆಚ್ಚಿದ್ದರೆ ಮಾಡಿಸಿ, ವೈರು ಹೆಚ್ಚಿದ್ದರೆ ಬಿಡಿ.

ಭಾವನ ಜೀಪಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ. ಒಂದು ರೂಪಾಯಿಯೂ ಬರುವಂತಿರಲಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇರೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಗಿತ್ತು. ಊರಿನವರೆಲ್ಲ ಮಾರಿಬಿಡಿ ಅಂದರು. ಅವರ ಲೆಕ್ಕ ತಪ್ಪೆನ್ನಲಾರೆ. ಆದರೆ ಗಾಡಿ ಉಳಿಸಿಕೊಳ್ಳಲು ಲೆಕ್ಕವೊಂದೇ ಕಾರಣವೇ? ವೀರಪ್ಪನ್ 1991ರ ನವೆಂಬರಿನಲ್ಲಿ ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂ ಕಾಡುದಾರಿಗಳಲ್ಲಿ ಓಡಾಡುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ಎಷ್ಟೋ ವರ್ಷದ ಮೇಲೆ ಸರಿಮಾಡಿಸಿ ಅವರ ನೆನಪಿಗೆ ಉಳಿಸಿಕೊಂಡಿದೆ. ಹಳ್ಳಿಯ ಜನರ ಮನಸ್ಸು ಗೆದ್ದ ಮನುಷ್ಯ ಅವರು, ಆ ಊರಿನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದವರು. ಆ ಜೀಪನ್ನು ಗುಜರಿ ಬೆಲೆಯಲ್ಲಿ ಯಾರು ತೂಗುತ್ತಾರೆ? ಭಾವನದು ಅಷ್ಟು ದೊಡ್ಡ ಕಥೆಯಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಅಪ್ಪನನ್ನು ಕಡೇ ಸಲ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆ ಜೀಪು. ಮಾರುವ ಮಾತು ಬಂದಾಗ ಅಕ್ಕ ಇದನ್ನು ಒಂದೇ ಒಂದು ಸಲ ಹೇಳಿದಳು. ಭಾವ ಗ್ಯಾರೇಜಿಗೆ ಅಡ್ವಾನ್ಸ್ ಕೊಟ್ಟು ಬಂದರು.

ಕೆಲವು ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಇನ್ನು ಕೆಲವನ್ನು ತಮಿಳುನಾಡಿನಿಂದ ತರಲು ದಿಂಬಂ ಘಾಟಿಯ 27 ತಿರುವು ಇಳಿದು ಹೋಗಿಬಂದೆವು. ಆ ಘಾಟಿಯ ಕಥೆಯೇ ಒಂದು ಸಂಜೆಗಾಗುವಷ್ಟಿದೆ, ಇನ್ನೊಮ್ಮೆ ಹೇಳುತ್ತೇನೆ. ಈಗ ಜೀಪು ಓಡುತ್ತಿದೆ. ಮೇಸ್ತ್ರಿ ಹೇಳಿದಂತೆ ಸ್ವಲ್ಪ ದಿನ ಓಡಿಸಿ ಆಯಿಲ್ಲುಗಳನ್ನು ಎರಡನೇ ಸಲವೂ ಬದಲಾಯಿಸಿದ್ದಾಯಿತು. ಮೂಲೆಯಲ್ಲಿ ಉಳಿದ ತೇವ ಮೊದಲ ಸಲಕ್ಕೆ ಪೂರ್ತಿ ಬರುವುದಿಲ್ಲವಂತೆ. ಕ್ರೌನ್ ಹೌಸಿಂಗಿನ ಮೇಲೆ ಗಾಳಿಯಾಡಲು ಬ್ರೀದರ್ ಅಂತ ಪುಟ್ಟ ಮೂತಿ ಇರುತ್ತದೆ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ನೀರು ಒಳಗೆ ಎಳೆದುಕೊಳ್ಳುವುದು ಅಲ್ಲಿಂದಲೇ. ಭಾವ ಅದಕ್ಕೆ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ತರಿಸಿದ್ದಾರೆ. ಖರ್ಚು ಹೆಚ್ಚಿಲ್ಲ, ನಿಮ್ಮ ಮನೆಯಲ್ಲೂ ಹಳೇ ಜೀಪಿದ್ದರೆ ಮುಂದಿನ ಮುಂಗಾರಿಗೆ ಮುಂಚೆ ಮಾಡಿಸಿಕೊಳ್ಳಿ.